ಸಣ್ಣ ಮೊತ್ತ, ದೂರದ ನ್ಯಾಯ

ಕಳೆದುಕೊಂಡ ಹಣ ದೊಡ್ಡದಾಗಿದ್ದರೆ ಅದು ಸುದ್ದಿಯಾಗುತ್ತದೆ. ಸಣ್ಣದಾಗಿದ್ದರೆ ಬುದ್ಧಿವಾದಕ್ಕೆ ನೆಪವಾಗುತ್ತದೆ. ಮಹಾನಗರದಲ್ಲಿ ಒಬ್ಬರು ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆಗೆ ಸಿಲುಕಿ ಕೋಟಿ ರೂಪಾಯಿ ಕಳೆದುಕೊಂಡರೆ ಪತ್ರಿಕೆಗಳು ಮುಖಪುಟದಲ್ಲಿ ಪ್ರಕಟಿಸುತ್ತವೆ, ಪೊಲೀಸರು ವಿಶೇಷ ತಂಡ ರಚಿಸುತ್ತಾರೆ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೇ ಒಪ್ಪಿಸಿತು. ಅದು ಆಗಬೇಕಾದದ್ದೇ. ಆದರೆ ಅರಕಲಗೂಡು ಕಡೆಯ ರೈತನೊಬ್ಬನ ಖಾತೆಯಿಂದ ಆರೇಳು ಸಾವಿರ ರೂಪಾಯಿ ಮಾಯವಾದರೆ ಅವನಿಗೆ ಸಿಗುವುದು ಉಪದೇಶ ಮಾತ್ರ: ‘ಗೊತ್ತಿಲ್ಲದವರು ಹೇಳಿದರೆಂದು ಯಾಕಪ್ಪ ಒತ್ತಿದೆ?’ ಮನೆಯವರು, ಬ್ಯಾಂಕಿನವರು, ಠಾಣೆಯವರು, ಕೊನೆಗೆ ಊರಿನವರು, ಎಲ್ಲರೂ ಅದನ್ನೇ ಕೇಳುತ್ತಾರೆ. ಹೋದ ಹಣ ಹಿಂದಕ್ಕೆ ಬರುವುದು ಹೇಗೆಂದು ಹೇಳುವವರು ಸಿಗುವುದಿಲ್ಲ.

ನಾನು ಹಾಸನದಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿ ನಿವೃತ್ತನಾದವನು. ಅರ್ಜಿ ಬರೆಸಿಕೊಳ್ಳಲು ಬಂದವರಿಗೆ ಬರೆದುಕೊಡುವ ಅಭ್ಯಾಸ ಹಳೆಯದು. ಹಿಂದೆ ಪಹಣಿ ತಿದ್ದುಪಡಿ, ವಿಧವಾ ವೇತನ, ಬೆಳೆ ವಿಮೆಗಳಿಗಾಗಿ ಬರುತ್ತಿದ್ದವರು ಈಚಿನ ವರ್ಷಗಳಲ್ಲಿ ‘ಫೋನಿಂದ ದುಡ್ಡು ಹೋಯ್ತು ಮೇಷ್ಟ್ರೇ’ ಎಂದು ಬರುತ್ತಾರೆ. ಹಾಸನದವರಷ್ಟೇ ಅಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ನೆಂಟರ, ಹಳೆಯ ವಿದ್ಯಾರ್ಥಿಗಳ ಮಾತು ಹಿಡಿದು ಬರುತ್ತಾರೆ. ಅವರು ಕಳೆದುಕೊಂಡ ಮೊತ್ತ ಸಾಮಾನ್ಯವಾಗಿ ಎರಡು ಸಾವಿರದಿಂದ ಇಪ್ಪತ್ತು ಸಾವಿರದೊಳಗೆ. ಈ ಅರ್ಜಿಗಳನ್ನು ಬರೆಯುತ್ತ ನನಗೆ ಮನವರಿಕೆಯಾದ ಸಂಗತಿ ಒಂದೇ: ನಮ್ಮಲ್ಲಿ ಸಣ್ಣ ಮೊತ್ತವನ್ನು ಹಿಂದಕ್ಕೆ ಪಡೆಯುವ ದಾರಿಯು ಆ ಮೊತ್ತಕ್ಕಿಂತ ದುಬಾರಿಯಾಗಿದೆ. ಹಾಗಿರುವವರೆಗೆ ವಂಚಕನಿಗೆ ಕಾನೂನಿನ ಭಯವಿರಬೇಕಾದ ಕಾರಣವೇ ಇಲ್ಲ.

ಸಣ್ಣ ಮೊತ್ತವೆಂದರೆ ಯಾರಿಗೆ ಸಣ್ಣದು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಐದು ಸಾವಿರ ರೂಪಾಯಿ ಎಂದರೆ ಗೃಹಲಕ್ಷ್ಮಿಯ ಎರಡೂವರೆ ತಿಂಗಳ ಹಣ. ಹಾಲಿನ ಬಟವಾಡೆಯಿಂದಲೇ ಸಂಸಾರ ತೂಗಿಸುವ ಮನೆಯಲ್ಲಿ ಮಕ್ಕಳ ಶಾಲೆಯ ಶುಲ್ಕ, ಔಷಧಿ, ಸಂಘದ ಕಂತು ಎಲ್ಲವೂ ಆ ಐದು ಸಾವಿರದೊಳಗೇ ಹಂಚಿಹೋಗಬೇಕು. ಹೊಳೆನರಸೀಪುರದಲ್ಲಿ ಬಟ್ಟೆ ಹೊಲಿದು ಬದುಕುವ ಹೆಣ್ಣುಮಗಳೊಬ್ಬರಿಗೆ ‘ಇಂದು ರಾತ್ರಿ ನಿಮ್ಮ ಮನೆಯ ಕರೆಂಟ್ ಕಡಿತವಾಗುತ್ತದೆ’ ಎಂಬ ಸಂದೇಶ ಬಂತು. ಅದರಲ್ಲಿದ್ದ ನಂಬರಿಗೆ ಕರೆ ಮಾಡಿ 4,700 ರೂಪಾಯಿ ಕಳೆದುಕೊಂಡರು. ಚನ್ನರಾಯಪಟ್ಟಣ ಕಡೆಯ ತೆಂಗು ಬೆಳೆಗಾರರೊಬ್ಬರಿಗೆ ‘ಮಿಲಿಟರಿ ಕ್ಯಾಂಟೀನಿಗೆ ಎಳನೀರು ಬೇಕು, ಮುಂಗಡ ಕಳಿಸುತ್ತೇನೆ’ ಎಂದು ನಂಬಿಸಿ ಒಂದು ಕ್ಯುಆರ್ ಕೋಡ್ ಕಳಿಸಿದರು. ಅದನ್ನು ಸ್ಕ್ಯಾನ್ ಮಾಡಿದಾಗ ಬರಬೇಕಾದ ಮುಂಗಡದ ಬದಲು ಅವರದೇ 9,000 ರೂಪಾಯಿ ಹೋಯಿತು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬ ಮಾತನ್ನು ಅವರಿಗೆ ಮೊದಲು ಹೇಳಿದವರು ಯಾರೂ ಇರಲಿಲ್ಲ.

ಇವರನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ. ಆದರೆ ಇವರು ತಾವಾಗಿಯೇ ಈ ಲೋಕಕ್ಕೆ ಬಂದವರಲ್ಲ. ಹಾಲಿನ ಪ್ರೋತ್ಸಾಹಧನ, ಗೃಹಲಕ್ಷ್ಮಿ, ಕಿಸಾನ್ ಸಮ್ಮಾನ್, ಬೆಳೆ ಪರಿಹಾರ, ಎಲ್ಲವೂ ಬ್ಯಾಂಕ್ ಖಾತೆಗೇ ಬರುವಂತೆ ಮಾಡಿದ್ದು ಸರ್ಕಾರ. ಮಧ್ಯವರ್ತಿಗಳ ಕಾಟ ತಪ್ಪಿದ್ದು ನಿಜ. ಅದು ಒಳ್ಳೆಯ ಸುಧಾರಣೆ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಿನಲ್ಲಿ ಎರಡು ಸಾವಿರ ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಸಂತೆಯಲ್ಲಿ ಸೊಪ್ಪು ಮಾರುವವರ ಮುಂದೆಯೂ ಕ್ಯುಆರ್ ಫಲಕ ನಿಂತಿದೆ. ಇಷ್ಟು ವೇಗವಾಗಿ ಹಣ ಸಾಗಿಸುವ ರಸ್ತೆಯನ್ನು ನಿರ್ಮಿಸಿದವರು, ಅದರ ಮೇಲೆ ಅಪಘಾತವಾದಾಗ ಗಾಯಾಳುವನ್ನು ಎತ್ತುವ ವ್ಯವಸ್ಥೆಯನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಬೇಕಾಗಿತ್ತು.

ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್ 2019ರ ಆಗಸ್ಟ್‌ನಲ್ಲಿ ಬಂತು. 2021ರಲ್ಲಿ 155260 ಎಂಬ ಸಹಾಯವಾಣಿ ಆರಂಭವಾಯಿತು. ಮರುವರ್ಷ ಅದು ನೆನಪಿನಲ್ಲಿಟ್ಟುಕೊಳ್ಳಲು ಸುಲಭವಾದ 1930 ಆಯಿತು. ಹಣ ಕಳೆದುಕೊಂಡವರು ಈ ನಂಬರಿಗೆ ಕರೆ ಮಾಡಿ ವಹಿವಾಟಿನ ವಿವರ ಕೊಟ್ಟರೆ ಅದು ಅವರ ಬ್ಯಾಂಕಿಗೆ ತಲುಪುತ್ತದೆ. ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ, ಮುಂದಿನ ಖಾತೆಗೆ ದಾಟಿದ್ದರೆ ಸೂಚನೆಯೂ ಅದರ ಬೆನ್ನು ಹತ್ತುತ್ತದೆ. ವಂಚಕರು ಹಣವನ್ನು ನಿಮಿಷಗಳಲ್ಲಿ ನಾಲ್ಕೈದು ಖಾತೆಗಳಿಗೆ ಚದುರಿಸಿ ಎಟಿಎಂನಲ್ಲಿ ತೆಗೆದುಬಿಡುವುದರಿಂದ ಮೊದಲ ಒಂದೆರಡು ಗಂಟೆಗಳೇ ನಿರ್ಣಾಯಕ. ವಿಚಾರ ಸರಿಯಾಗಿದೆ, ತಕ್ಕಮಟ್ಟಿಗೆ ಕೆಲಸವನ್ನೂ ಮಾಡಿದೆ. 17.82 ಲಕ್ಷಕ್ಕೂ ಹೆಚ್ಚು ದೂರುಗಳಲ್ಲಿ 5,489 ಕೋಟಿ ರೂಪಾಯಿಗೂ ಮಿಕ್ಕಿದ ಹಣವನ್ನು ಉಳಿಸಲಾಗಿದೆ ಎಂದು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿತು.

ಆದರೆ ಅದೇ ಉತ್ತರದಲ್ಲಿ ಇನ್ನೊಂದು ಅಂಕಿಯೂ ಇತ್ತು. 2024ರಲ್ಲಿ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಇದು 7,465 ಕೋಟಿಯಷ್ಟಿತ್ತು. 2024ರಲ್ಲಿ ವರದಿಯಾದ ಹಣಕಾಸು ವಂಚನೆಗಳು 36 ಲಕ್ಷಕ್ಕೂ ಹೆಚ್ಚು. ಸರಾಸರಿ ತೆಗೆದರೆ ಪ್ರಕರಣವೊಂದಕ್ಕೆ ಸುಮಾರು 63 ಸಾವಿರ ರೂಪಾಯಿ. ಕೋಟಿಗಟ್ಟಲೆ ಕಳೆದುಕೊಂಡವರೂ ಈ ಸರಾಸರಿಯೊಳಗೇ ಇದ್ದಾರೆಂಬುದನ್ನು ನೆನೆದರೆ, ದೂರುಗಳಲ್ಲಿ ಹೆಚ್ಚಿನವು ಇದಕ್ಕಿಂತ ಬಹಳ ಕೆಳಗಿನ ಮೊತ್ತದವೆಂದು ಊಹಿಸಲು ವಾಣಿಜ್ಯಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಇನ್ನು, ‘ಉಳಿಸಲಾಗಿದೆ’ ಎಂಬ ಮಾತಿನ ಅರ್ಥವನ್ನೂ ಎಚ್ಚರದಿಂದ ಓದಬೇಕು. ಕಳ್ಳನ ಕೈಗೆ ಸಿಗದಂತೆ ತಡೆದ ಹಣ ಅದು. ಕಳೆದುಕೊಂಡವರ ಕೈ ಸೇರಿದ ಹಣವೆಂದೇ ಅದರ ಅರ್ಥವಲ್ಲ. ನಮ್ಮ ಕಡೆಯ ಜನ ಸೋತು ಕೂರುವುದು ಈ ಎರಡರ ನಡುವಣ ಅಂತರದಲ್ಲಿ.

ಅರಕಲಗೂಡು ಕಡೆಯ ಹೊಗೆಸೊಪ್ಪು ಬೆಳೆಗಾರರೊಬ್ಬರ ಲೆಕ್ಕವನ್ನೇ ಕೊಡುತ್ತೇನೆ. ಔಷಧಿ ಸಿಂಪಡಿಸುವ ಯಂತ್ರದ ಬಿಡಿಭಾಗವನ್ನು ಆನ್‌ಲೈನಿನಲ್ಲಿ ತರಿಸಿದ್ದರು. ಪಾರ್ಸೆಲ್ ತಡವಾಯಿತೆಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ‘ಕಸ್ಟಮರ್ ಕೇರ್’ ನಂಬರಿಗೆ ಕರೆ ಮಾಡಿದಾಗ, ವಿಳಾಸ ಸರಿಪಡಿಸಲು ಐದು ರೂಪಾಯಿ ಕಟ್ಟಿರೆಂದು ಒಂದು ಕೊಂಡಿ ಬಂತು. ಅದರ ಹಿಂದೆಯೇ ಎರಡು ಸಲಕ್ಕೆ 6,899 ರೂಪಾಯಿ ಹೋಯಿತು. ಹಾಸನದಲ್ಲಿ ಓದುತ್ತಿದ್ದ ಮಗ ಒಂದು ಗಂಟೆಯೊಳಗೇ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ. ಅದರಿಂದ ಪ್ರಯೋಜನವೂ ಆಯಿತು; ದೂರದ ರಾಜ್ಯವೊಂದರ ಖಾತೆಯಲ್ಲಿ 3,200 ರೂಪಾಯಿ ತಡೆಹಿಡಿಯಲಾಗಿದೆ ಎಂದು ತಿಳಿದುಬಂತು. ಅಲ್ಲಿಗೆ ಅರ್ಧ ಗೆದ್ದಂತೆ ಎಂದು ನಾವೆಲ್ಲ ಭಾವಿಸಿದೆವು.

ಆಮೇಲೆ ನಡೆದದ್ದು ಬರೀ ಓಡಾಟ. ಒಂದು ಠಾಣೆಯಲ್ಲಿ, ಇದು ಸೈಬರ್ ಪ್ರಕರಣ, ಜಿಲ್ಲಾ ಕೇಂದ್ರಕ್ಕೆ ಹೋಗಿ ಎಂದರು. ಬ್ಯಾಂಕಿನ ಶಾಖೆಯಲ್ಲಿ, ತಡೆಹಿಡಿದದ್ದು ನಮ್ಮ ಬ್ಯಾಂಕಲ್ಲ, ಆ ಬ್ಯಾಂಕನ್ನು ಕೇಳಿ ಎಂದರು. ಆ ಬ್ಯಾಂಕಿನ ಸಹಾಯವಾಣಿಯವರು ಹಿಂದಿಯಲ್ಲಿ, ನ್ಯಾಯಾಲಯದ ಆದೇಶ ತನ್ನಿ ಎಂದರು. ವಕೀಲರೊಬ್ಬರನ್ನು ಕಂಡಾಗ ಅರ್ಜಿ ಹಾಕಲು 3,000 ರೂಪಾಯಿ ಆಗುತ್ತದೆ ಎಂದರು. ಅವರ ಶ್ರಮಕ್ಕೆ ಅದು ಹೆಚ್ಚಿನ ಶುಲ್ಕವೇನೂ ಅಲ್ಲ. ಒಂದು ಸಲ ಹಾಸನಕ್ಕೆ ಬಂದುಹೋದರೆ ಬಸ್ಸು, ಊಟ, ಜೆರಾಕ್ಸ್ ಸೇರಿ ಮುನ್ನೂರು ರೂಪಾಯಿ. ಹೊಲದ ಕೆಲಸ ನಿಂತದ್ದು ಬೇರೆ. ಅವರು ಐದು ಸಲ ಬಂದರು. ಆರನೆಯ ಸಲ ಬನ್ನಿರೆಂದು ನಾನು ಫೋನ್ ಮಾಡಿದಾಗ, ‘ಕಳೆದ ಕುರಿ ಹುಡುಕಕ್ಕೆ ಎತ್ತು ಮಾರಕ್ಕಾಯ್ತದಾ ಮೇಷ್ಟ್ರೇ? ಬಿಡಿ ಅತ್ಲಾಗೆ’ ಎಂದರು. ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಹೊಳೆನರಸೀಪುರದ ಆ ಹೆಣ್ಣುಮಗಳ ಮಾತೂ ಇಂಥದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ ಪ್ರಯಾಣ ಉಚಿತ. ‘ಬಸ್ಸಿಗೆ ದುಡ್ಡು ಬೇಡ ಸಾರ್, ಆದ್ರೆ ಮಿಷನ್ ನಿಂತ್ರೆ ಅವತ್ತಿನ ದುಡಿಮೆನೂ ನಿಂತ್ಹೋಗುತ್ತಲ್ಲ’ ಎಂದರು. ಮೂರು ತಾಲ್ಲೂಕು ಕೇಂದ್ರಗಳೂ ಹಾಸನದಿಂದ ಸುಮಾರು 30ರಿಂದ 40 ಕಿಲೋಮೀಟರ್ ದೂರದಲ್ಲಿವೆ. ನಕ್ಷೆಯ ಮೇಲೆ ಅದು ದೂರವಲ್ಲ. ದಿನಗೂಲಿಯ, ಹಾಲು ಕರೆಯುವ ಹೊತ್ತಿನ, ಶಾಲೆ ಬಿಡುವ ವೇಳೆಯ ಲೆಕ್ಕದಲ್ಲಿ ಅದು ಇಡೀ ಒಂದು ದಿನ.

ಕಾನೂನು ಈ ಓಡಾಟವನ್ನು ಬಯಸಿದೆಯೇ? ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕೊಟ್ಟು ಮೂರು ದಿನಗಳೊಳಗೆ ಸಹಿ ಹಾಕಿದರೂ ಆಯಿತು. 193ನೇ ಕಲಮಿನ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ದೂರುದಾರನಿಗೆ ತಿಳಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತನಿಖೆ ನಡೆಸಲು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬೇಕೆಂಬುದು ನಿಜ. ಆದರೆ ದೂರು ಪಡೆದು ಸ್ವೀಕೃತಿ ಕೊಡಲು ಆ ನಿಯಮ ಅಡ್ಡಿಯಲ್ಲ. 2001ರಲ್ಲಿಯೇ ಸೈಬರ್ ಅಪರಾಧಗಳಿಗೆಂದು ಪ್ರತ್ಯೇಕ ಪೊಲೀಸ್ ಠಾಣೆ ತೆರೆದ ರಾಜ್ಯ ನಮ್ಮದು. ಮುಂದೆ ಜಿಲ್ಲೆಗಳಿಗೆ ಸಿಇಎನ್ ಠಾಣೆಗಳು ಬಂದವು. 2025ರಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕವೇ ರಚನೆಯಾಯಿತು. ಮೇಲಿನ ಮಹಡಿಗಳು ಏರುತ್ತಲೇ ಇವೆ. ತಾಲ್ಲೂಕಿನ ಬಾಗಿಲಲ್ಲಿ ನಿಂತವನಿಗೆ ಮೆಟ್ಟಿಲು ಮಾತ್ರ ಕಾಣುತ್ತಿಲ್ಲ.

ನಿಯಮಗಳ ಒಲವು ಸಹ ದೊಡ್ಡ ಮೊತ್ತದ ಕಡೆಗೇ ಇದ್ದುಬಂದಿದೆ. 1930ಕ್ಕೆ ಬಂದ ದೂರು ತಾನಾಗಿಯೇ ಎಫ್‌ಐಆರ್ ಆಗುವ ‘ಇ-ಜೀರೋ ಎಫ್‌ಐಆರ್’ ವ್ಯವಸ್ಥೆಯನ್ನು ಕೇಂದ್ರ ಗೃಹ ಸಚಿವಾಲಯ 2025ರ ಮೇ ತಿಂಗಳಿನಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದಾಗ, ಅದು ಅನ್ವಯವಾದದ್ದು 10 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡವರಿಗೆ. ಪೊಲೀಸರಿಗೆ ಆದ್ಯತೆಗಳಿರುತ್ತವೆ, ಒಪ್ಪೋಣ. ಆದರೆ ಹತ್ತು ಲಕ್ಷ ಕಳೆದುಕೊಂಡವರು ವಕೀಲರನ್ನು ಇಟ್ಟುಕೊಳ್ಳಬಲ್ಲರು, ಅಧಿಕಾರಿಗಳನ್ನು ಕಾಣಬಲ್ಲರು. ಯಂತ್ರವೇ ತಾನಾಗಿ ನಡೆದುಬಂದು ನೆರವಾಗಬೇಕಾದದ್ದು ಅದು ಯಾವುದೂ ಸಾಧ್ಯವಿಲ್ಲದವನಿಗೆ.

ತಡೆಹಿಡಿದ ಹಣ ಮರಳಿ ಸಿಗಲು ಬಹುಕಾಲ ಇದ್ದ ಮುಖ್ಯ ದಾರಿ ಮ್ಯಾಜಿಸ್ಟ್ರೇಟರ ಆದೇಶ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 457ನೇ ಕಲಮು, ಈಗ ಹೊಸ ಸಂಹಿತೆಯ 503ನೇ ಕಲಮು. ಕದ್ದ ಸರ, ಕದ್ದ ಎಮ್ಮೆ ಸಿಕ್ಕಾಗ ವಾರಸುದಾರರಿಗೆ ಒಪ್ಪಿಸಲೆಂದು ರೂಪುಗೊಂಡ ವಿಧಾನವನ್ನು ನಾಲ್ಕು ರಾಜ್ಯಗಳ ನಾಲ್ಕು ಖಾತೆಗಳಲ್ಲಿ ಹಂಚಿಹೋದ ಮೂರು ಸಾವಿರ ರೂಪಾಯಿಗೂ ಅನ್ವಯಿಸಿದರೆ ಆಗುವುದು ಇದೇ. ಗುಜರಾತಿನಲ್ಲಿ ಇಂಥ ಅರ್ಜಿಗಳನ್ನು ಲೋಕ ಅದಾಲತ್ತಿನ ಮೂಲಕ ಒಟ್ಟಾಗಿ ವಿಲೇವಾರಿ ಮಾಡಿದ್ದು ಒಂದು ಒಳ್ಳೆಯ ಮೇಲ್ಪಂಕ್ತಿಯಾಯಿತು. 2026ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಒಪ್ಪಿಗೆ ನೀಡಿದ ಕಾರ್ಯವಿಧಾನ ಇನ್ನೂ ಮುಂದೆ ಹೋಯಿತು: ತಡೆಹಿಡಿದ ಮೊತ್ತ 50,000 ರೂಪಾಯಿಗಿಂತ ಕಡಿಮೆಯಿದ್ದರೆ ನ್ಯಾಯಾಲಯದ ಆದೇಶವಿಲ್ಲದೆಯೂ ಮರಳಿಸಬಹುದೆಂದು ಅದು ಹೇಳಿತು. ಸಣ್ಣ ಮೊತ್ತಕ್ಕೆ ಸಣ್ಣ ದಾರಿ ಬೇಕೆಂದು ಸರ್ಕಾರ ಕೊನೆಗೂ ಒಪ್ಪಿಕೊಂಡಂತಾಯಿತು. ಆದರೆ ದೆಹಲಿಯ ಕಡತದಲ್ಲಿ ಬಿದ್ದ ಸಹಿ ತಾಲ್ಲೂಕಿನ ಠಾಣೆಯ ಮೇಜಿಗೆ, ಬ್ಯಾಂಕಿನ ಶಾಖೆಯ ಕೌಂಟರಿಗೆ ತಾನಾಗಿ ಇಳಿದು ಬರುವುದಿಲ್ಲ. ಅಲ್ಲಿ ಕುಳಿತವರಿಗೆ ಲಿಖಿತ ಆದೇಶ ಬೇಕು, ನಮೂನೆ ಬೇಕು, ಇಷ್ಟು ದಿನದೊಳಗೆ ಎಂಬ ಗಡುವು ಬೇಕು.

ಇನ್ನು ಬ್ಯಾಂಕಿನ ಹೊಣೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಗ್ರಾಹಕನ ಪರವಾಗಿ ಒಂದು ಮುಖ್ಯ ತತ್ತ್ವವನ್ನು ಹಾಕಿಕೊಟ್ಟಿತು. ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ಲೋಪದಿಂದ ಅನಧಿಕೃತವಾಗಿ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ. ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು. 90 ದಿನಗಳೊಳಗೆ ತೀರ್ಮಾನವಾಗಬೇಕು. ತಪ್ಪು ಗ್ರಾಹಕನದೇ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು. ಆದರೆ ಅದೇ ಸುತ್ತೋಲೆಯಲ್ಲಿ, ಗ್ರಾಹಕ ತನ್ನ ಗುಟ್ಟಿನ ವಿವರಗಳನ್ನು ಹಂಚಿಕೊಂಡಿದ್ದರೆ ದೂರು ಕೊಡುವವರೆಗಿನ ನಷ್ಟ ಅವನದೇ ಎಂಬ ಮಾತೂ ಇತ್ತು. ‘ಪಿನ್ ಒತ್ತಿದ್ದು ನೀವೇ’ ಎಂಬ ಒಂದೇ ವಾಕ್ಯದಿಂದ ಶಾಖೆಗಳು ದೂರನ್ನು ಮುಗಿಸುವುದು ಈ ಮಾತನ್ನು ಹಿಡಿದೇ. ದೂರು ಕೊಟ್ಟ ನಂತರದ ನಷ್ಟ ಬ್ಯಾಂಕಿನದು ಎಂಬ ಮುಂದಿನ ಸಾಲನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ.

ಈ ವಾದ ಎಲ್ಲ ಸಂದರ್ಭಕ್ಕೂ ಸಲ್ಲುವುದಿಲ್ಲವೆಂದು ತೋರಿಸಿದ ಪ್ರಕರಣವೊಂದಿದೆ. ಅಸ್ಸಾಮಿನ ಗ್ರಾಹಕರೊಬ್ಬರು 2021ರಲ್ಲಿ ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು ಹಿಂದಿರುಗಿಸಲು ಹೋಗಿ, ಕಸ್ಟಮರ್ ಕೇರ್ ಹೆಸರಿನ ವಂಚಕನಿಂದ 94,204 ರೂಪಾಯಿ ಕಳೆದುಕೊಂಡರು. 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದರು. ಗುವಾಹಟಿ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 3ರಂದು ಸುಪ್ರೀಂ ಕೋರ್ಟು ಬ್ಯಾಂಕಿನ ಅರ್ಜಿಯನ್ನು ತಳ್ಳಿಹಾಕಿ, ಅನಧಿಕೃತ ವಹಿವಾಟಿನ ಹೊಣೆಯಿಂದ ಬ್ಯಾಂಕು ನುಣುಚಿಕೊಳ್ಳುವಂತಿಲ್ಲ ಎಂಬ ನಿಲುವನ್ನು ಎತ್ತಿಹಿಡಿಯಿತು. ಆ ಗ್ರಾಹಕರ ಹಟ ದೊಡ್ಡದು. ಆದರೆ 94 ಸಾವಿರ ರೂಪಾಯಿಗೆ ಮೂರು ವರ್ಷ ಮತ್ತು ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತೆಂದರೆ, ಏಳು ಸಾವಿರದವನು ಯಾವ ಬಾಗಿಲು ತಟ್ಟಬೇಕು?

ಹಣ ಮರಳಿಸುತ್ತ ಹೋದರೆ ಜನ ಇನ್ನಷ್ಟು ಅಜಾಗರೂಕರಾಗುತ್ತಾರೆ, ಸುಳ್ಳು ದೂರುಗಳೂ ಬರುತ್ತವೆ ಎನ್ನುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ದೂರು ಬಂದ ಕೂಡಲೇ ಇಡೀ ಖಾತೆಯನ್ನೇ ಸ್ತಂಭನಗೊಳಿಸಿದ್ದರಿಂದ ಏನೂ ಅರಿಯದ ವ್ಯಾಪಾರಿಗಳು ತೊಂದರೆಗೊಳಗಾದದ್ದುಂಟು. 2023ರಲ್ಲಿ ಕೇರಳ ಹೈಕೋರ್ಟು, ತಡೆ ಏನಿದ್ದರೂ ವಿವಾದಿತ ಮೊತ್ತಕ್ಕೆ ಸೀಮಿತವಾಗಿರಲಿ ಎಂದು ಹೇಳಬೇಕಾಯಿತು. ಆದ್ದರಿಂದ ಪರಿಶೀಲನೆ ಬೇಕು, ಸುಳ್ಳು ದೂರಿಗೆ ಶಿಕ್ಷೆಯೂ ಬೇಕು. ಆದರೆ ಜಾಗೃತಿಯೊಂದೇ ಮದ್ದೆಂಬ ವಾದಕ್ಕೆ ಅನುಭವದ ಬೆಂಬಲವಿಲ್ಲ. ‘ಹಣ ಕಳಿಸಿದ್ದೇವೆ, ಒಪ್ಪಿಗೆ ಒತ್ತಿ’ ಎಂದು ನಂಬಿಸಿ ಹಣ ಕೋರುವ ಸಂದೇಶ ಕಳಿಸುತ್ತಿದ್ದ ವಂಚನೆಯ ವಿರುದ್ಧ ವರ್ಷಗಳ ಕಾಲ ಜಾಹೀರಾತು ಕೊಟ್ಟರು. ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ಹಣ ಕೋರುವ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಜನರಿಗೆ ಹೇಳುವುದರ ಜೊತೆಗೆ ವ್ಯವಸ್ಥೆಯನ್ನೂ ತಿದ್ದಬಹುದು, ಅದು ಅಷ್ಟು ಕಷ್ಟವೂ ಅಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹಣ ಪಡೆದ ಖಾತೆಯ ಬ್ಯಾಂಕು ಈ ಲೆಕ್ಕದಿಂದ ಸದಾ ಹೊರಗೇ ಉಳಿಯುವುದು ಇನ್ನೊಂದು ವಿಚಿತ್ರ. ವಂಚಕ ತನ್ನ ಮುಖ, ಊರು, ದನಿ ಎಲ್ಲವನ್ನೂ ಮರೆಮಾಡಬಲ್ಲ. ಆದರೆ ಹಣ ಇಳಿಯಲು ಅವನಿಗೊಂದು ಖಾತೆ ಬೇಕೇ ಬೇಕು. ಅಂಥ ಬಾಡಿಗೆ ಖಾತೆಗಳನ್ನು ತೆರೆದುಕೊಟ್ಟದ್ದು, ಗುರುತಿನ ದಾಖಲೆ ಪಡೆದದ್ದು ಯಾವುದೋ ಒಂದು ಬ್ಯಾಂಕು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಂದು ಜಾರಿಗೆ ಬಂದ ನಿಯಮ, ಮೋಸಕ್ಕೊಳಗಾಗಿ ತಾವೇ ಹಣ ಕಳಿಸಿದವರಿಗೂ ಸಾಮಾನ್ಯವಾಗಿ ಐದು ಕೆಲಸದ ದಿನಗಳಲ್ಲಿ ಹಣ ಮರಳಿಸಬೇಕೆಂದು ವಿಧಿಸಿತು. ಅದರ ಮಿತಿ 85,000 ಪೌಂಡ್. ಆ ಹೊರೆಯನ್ನು ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ಗ್ರಾಹಕನ ಘೋರ ನಿರ್ಲಕ್ಷ್ಯಕ್ಕೆ ಅಲ್ಲಿ ವಿನಾಯಿತಿ ಇದೆ; ನಷ್ಟದ ಸಣ್ಣ ಭಾಗವನ್ನು ಗ್ರಾಹಕನ ಪಾಲಿಗೆ ಬಿಡಲೂ ಅವಕಾಶವಿದೆ. ಕೈಯಿಂದ ಹಣ ಹೋಗುತ್ತದೆಂದಾದಾಗ ಬ್ಯಾಂಕುಗಳು ಖಾತೆ ತೆರೆಯುವ ಮುನ್ನ ಎರಡು ಸಲ ನೋಡುತ್ತವೆ. ನಮ್ಮ ರಿಸರ್ವ್ ಬ್ಯಾಂಕ್ ಸಹ 2026ರ ಫೆಬ್ರುವರಿಯಲ್ಲಿ, ಸಣ್ಣ ಮೊತ್ತದ ವಂಚನೆಗಳಲ್ಲಿ ಗ್ರಾಹಕರಿಗೆ 25,000 ರೂಪಾಯಿವರೆಗೆ ಪರಿಹಾರ ನೀಡುವ ವ್ಯವಸ್ಥೆಯ ಪ್ರಸ್ತಾಪವನ್ನು ಪ್ರಕಟಿಸಿತು. ನಮ್ಮ ನಾಲ್ಕು ಊರುಗಳಿಂದ ಬರುವ ಅರ್ಜಿಗಳಲ್ಲಿ ಬಹುತೇಕ ಎಲ್ಲವೂ ಈ ಮಿತಿಯೊಳಗೇ ಬರುತ್ತವೆ.

ಹಾಗಾದರೆ ಇಲ್ಲಿ, ಹಾಸನದಂಥ ಜಿಲ್ಲೆಯಲ್ಲಿ ಆಗಬೇಕಾದದ್ದೇನು? ಮೊದಲನೆಯದು, ಪ್ರತಿ ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವೇ ಆದರೆ ಉತ್ತಮ, ಸೈಬರ್ ಠಾಣೆಯ ಒಬ್ಬ ಸಿಬ್ಬಂದಿ ಕುಳಿತು ದೂರುಗಳ ಸ್ಥಿತಿ ತಿಳಿಸಬೇಕು. ಎಷ್ಟು ಹಣ ಯಾವ ಬ್ಯಾಂಕಿನಲ್ಲಿ ತಡೆಯಲ್ಪಟ್ಟಿದೆ, ಮರಳಿ ಪಡೆಯಲು ಮುಂದೇನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರೆ ಐದು ಪ್ರಯಾಣಗಳು ಒಂದಾಗುತ್ತವೆ. ಎರಡನೆಯದು, 50,000 ರೂಪಾಯಿಯೊಳಗಿನ ಮೊತ್ತಕ್ಕೆ ದೂರುದಾರ ಮತ್ತೆ ಅರ್ಜಿ ಹಾಕಬೇಕಾಗಿಯೇ ಇರಬಾರದು. ಆರಂಭದ ದೂರನ್ನೇ ಮರುಪಾವತಿಯ ಕೋರಿಕೆಯೆಂದು ಪರಿಗಣಿಸಬೇಕು. ಮೂರನೆಯದು, ನ್ಯಾಯಾಲಯಕ್ಕೆ ಹೋಗಲೇಬೇಕಾದ ಪ್ರಕರಣಗಳನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಕೈಗೆತ್ತಿಕೊಂಡು ಲೋಕ ಅದಾಲತ್ತಿನಲ್ಲಿ ಒಟ್ಟಾಗಿ ಇಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಆದಾಯದ ಪ್ರಶ್ನೆಯಿಲ್ಲದೆ ಉಚಿತ ವಕೀಲರ ನೆರವು ಸಿಗಬೇಕು. ಹೊಳೆನರಸೀಪುರದ ಆ ಹೆಣ್ಣುಮಗಳಿಗೆ ಈ ಹಕ್ಕಿರುವುದನ್ನು ಯಾವ ಕೌಂಟರಿನಲ್ಲೂ ಯಾರೂ ಹೇಳಿರಲಿಲ್ಲ.

ಈ ಪುಟವನ್ನು ಓದುವವರಲ್ಲಿ ಹೆಚ್ಚಿನವರು ಅರ್ಜಿ ಬರೆಯಬಲ್ಲವರು. ನಮ್ಮ ಮನೆಗೆಲಸದವರು, ತೋಟದ ಕೆಲಸದವರು, ಬಡಾವಣೆಯ ತರಕಾರಿಯವರು ಹಣ ಕಳೆದುಕೊಂಡಾಗ ಬುದ್ಧಿವಾದವನ್ನು ಆಮೇಲೆ ಹೇಳೋಣ. ಮೊದಲು ನಮ್ಮ ಫೋನಿನಿಂದಲೇ 1930ಕ್ಕೆ ಕರೆ ಮಾಡಿಸೋಣ. ದೂರಿನ ಸಂಖ್ಯೆಯನ್ನು ಬರೆದಿಡೋಣ. ಅದೇ ದಿನ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಾರೀಖು, ಮೊಹರು ಹಾಕಿಸಿಕೊಳ್ಳೋಣ. ಮುಂದೆ ಎಲ್ಲಿಗೆ ಹೋದರೂ ಕೇಳುವುದು ಆ ಕಾಗದವನ್ನೇ. ಮೂವತ್ತು ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿಯೂ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಆದರೆ ಸಜ್ಜನರ ನೆರವಿನಿಂದ ನಡೆಯುವ ನ್ಯಾಯ ಅದೃಷ್ಟವಂತರಿಗಷ್ಟೇ ಸಿಗುತ್ತದೆ. ಅರ್ಜಿ ಬರೆದುಕೊಡುವ ಮೇಷ್ಟರು ಎಲ್ಲ ಊರಿನಲ್ಲೂ ಇರುವುದಿಲ್ಲ, ಇರಬೇಕಾದ ಅಗತ್ಯವೂ ಇರಬಾರದು. ಒಬ್ಬನಿಂದ ಐದು ಲಕ್ಷ ಕದಿಯುವುದಕ್ಕಿಂತ ನೂರು ಜನರಿಂದ ಐದೈದು ಸಾವಿರ ಕದಿಯುವುದು ವಂಚಕನಿಗೆ ಸುರಕ್ಷಿತ; ಮೊದಲನೆಯವನು ಹೋರಾಡುತ್ತಾನೆ, ನೂರು ಜನ ಕೈಬಿಡುತ್ತಾರೆ. ಹೀಗೆ ಕೈಬಿಟ್ಟ ಹಣವೇ ಮುಂದಿನ ಸುಲಿಗೆಗೆ ಬಂಡವಾಳ. ತಡೆಹಿಡಿದ ಮೂರು ಸಾವಿರ ರೂಪಾಯಿಯನ್ನು ಅರಕಲಗೂಡಿನ ಹಳ್ಳಿಗೆ ಒಂದು ತಿಂಗಳೊಳಗೆ ಮರಳಿಸಲು ಸಾಧ್ಯವಾಗದಿದ್ದರೆ, ಒಂದು ಕ್ಷಣದಲ್ಲಿ ಹಣ ಸಾಗಿಸುವ ನಮ್ಮ ವ್ಯವಸ್ಥೆಯ ಬಗ್ಗೆ ಹೆಮ್ಮೆಪಡುವ ಹಕ್ಕು ನಮಗೆ ಅರ್ಧದಷ್ಟೇ ಇದೆ.